ತೊಡೆಯ ಮೇಲಿನ ಹೆಲ್ಮೆಟ್

ಮೂರು ವಾರದ ಹಿಂದೆ, ಒಂದು ಶನಿವಾರ ಬೆಳಿಗ್ಗೆ, ಮಟ್ಟುವಿನ ರಸ್ತೆಯಲ್ಲಿ ನಾನು ಸ್ಕೂಟರಿನಿಂದ ಬಿದ್ದೆ. ಹೆಲ್ಮೆಟ್‌ಗೆ ಏನೂ ಆಗಲಿಲ್ಲ. ಅದು ನನ್ನ ತೊಡೆಯ ಮೇಲಿತ್ತು.

ಎರಡು ವಾರ ಅಂಕಣ ಯಾಕೆ ಬರಲಿಲ್ಲ ಎಂದು ಫೋನ್ ಮಾಡಿ ಕೇಳಿದವರಿಗೆಲ್ಲ "ಸ್ವಲ್ಪ ಹುಷಾರಿರಲಿಲ್ಲ" ಎಂದು ಹೇಳಿದ್ದೆ. ನಿಜ ಹೇಳಲು ನಾಚಿಕೆಯಾಗಿತ್ತು. ಈಗ ಹೊಲಿಗೆ ಬಿಚ್ಚಿದ್ದಾರೆ, ನಾಚಿಕೆಯೂ ಸ್ವಲ್ಪ ಇಳಿದಿದೆ. ಹಾಗಾಗಿ ಹೇಳಿಬಿಡುತ್ತೇನೆ.

ಆ ಹೆಲ್ಮೆಟ್ ನನ್ನದಲ್ಲ, ನನ್ನ ಗಂಡನದು. ಸ್ಕೂಟರಿನದೂ ಅಲ್ಲ, ಸೈಕಲಿನದು. ಸೈಕಲ್ ಎಂದರೆ ಹಾಲಿನ ಕ್ಯಾನ್ ಕಟ್ಟುವ ಸೈಕಲ್ ಅಲ್ಲ, ಮೌಂಟೇನ್ ಬೈಕ್. ಇವರು ಐವತ್ತೆಂಟನೆಯ ವಯಸ್ಸಿಗೆ ಬ್ಯಾಂಕಿನಿಂದ ಸ್ವಯಂ ನಿವೃತ್ತಿ ತೆಗೆದುಕೊಂಡರು. ಮೊದಲ ತಿಂಗಳು ಅಡುಗೆಮನೆಯ ಡಬ್ಬಿಗಳಿಗೆಲ್ಲ ಲೇಬಲ್ ಅಂಟಿಸಿದರು. ಎರಡನೆಯ ತಿಂಗಳು ಸೈಕಲ್ ತಂದರು. (ಲೇಬಲ್ಲೇ ವಾಸಿಯಿತ್ತು.)

ಮಣಿಪಾಲದಲ್ಲಿ ಇವರದೊಂದು ಗುಂಪು ಇದೆ. ಭಾನುವಾರ ಬೆಳಕು ಹರಿಯುವ ಮೊದಲೇ ಸೈಕಲ್‌ಗಳನ್ನು ಪಿಕಪ್‌ಗೆ ಹೇರಿಕೊಂಡು ಕಾರ್ಕಳದ ಆಚೆಯ ಒಂದು ಗುಡ್ಡೆಗೆ ಹೋಗುತ್ತಾರೆ. ಅಲ್ಲಿ ಕಲ್ಲುಪಾದೆ, ಮರದ ಬೇರು, ಕಾಲಿಟ್ಟರೆ ಜಾರುವ ಮುರಕಲ್ಲಿನ ಜಲ್ಲಿ. ದನಗಳು ಕೂಡ ಯೋಚನೆ ಮಾಡಿ ಕಾಲಿಡುವ ದಾರಿ. ಇವರೆಲ್ಲ ಅದರ ಮೇಲೆ ಸೈಕಲಿನಲ್ಲಿ ಇಳಿಯುತ್ತಾರೆ. ಅದಕ್ಕೆ ಟ್ರೇಲ್ ಎಂದು ಹೆಸರು.

ಕಳೆದ ವರ್ಷ ಮಳೆ ಬಿಟ್ಟ ಹೊಸದರಲ್ಲಿ ಇವರು ಆ ಟ್ರೇಲ್‌ನಲ್ಲಿ ಬಿದ್ದು ಕಾಲರ್ ಬೋನ್ ಮುರಿದುಕೊಂಡರು. ಆರು ವಾರ ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು ಕೂತರು. ಸ್ನಾನ ಮಾಡಿಸಿದ್ದು ನಾನು, ಅಂಗಿಯ ಗುಂಡಿ ಹಾಕಿದ್ದು ನಾನು, ಬಂಗುಡೆ ಮೀನಿನ ಮುಳ್ಳು ಬಿಡಿಸಿಕೊಟ್ಟದ್ದೂ ನಾನು. ಅದೆಲ್ಲ ಕಷ್ಟವಲ್ಲ. ಎಲುಬಿನ ಬದಲು ತಲೆ ಆ ಕಲ್ಲಿಗೆ ತಾಗಿದ್ದರೆ? ಆ ಒಂದು ಪ್ರಶ್ನೆ ಆರು ವಾರವೂ ನನ್ನ ನಿದ್ದೆ ತಿಂದಿತು. ಇವರಿಲ್ಲದ ಮನೆಯನ್ನು ನನ್ನಿಂದ ಕಲ್ಪಿಸಿಕೊಳ್ಳಲು ಆಗುವುದಿಲ್ಲ. ಜಗಳ ಮಾಡುವುದಕ್ಕಾದರೂ ಇವರು ಬೇಕು.

ಆದ್ದರಿಂದ ಮನೆಯಲ್ಲಿ ಒಂದು ಕಾನೂನು ಮಾಡಿದೆ. ಗುಡ್ಡೆಗೆ ಹೋಗುವುದು ಬೇಡ ಎನ್ನುವುದಿಲ್ಲ. ಆದರೆ ಪೇಟೆಯಲ್ಲಿ ಏನೇನು ರಕ್ಷಣೆ ಸಿಗುತ್ತದೋ ಅಷ್ಟನ್ನೂ ಮೈಗೆ ಕಟ್ಟಿಕೊಂಡೇ ಹೋಗಬೇಕು.

ಸಿಗುವುದು ಎಷ್ಟೆಂದು ನಿಮಗೆ ಗೊತ್ತೇ? ನನಗೂ ಗೊತ್ತಿರಲಿಲ್ಲ. ಮಂಡಿಗೆ ಪ್ಯಾಡ್, ಮೊಣಕೈಗೆ ಪ್ಯಾಡ್, ಮೊಣಕಾಲಿನ ಕೆಳಗೆ ಗಾರ್ಡ್, ಬೆರಳು ಪೂರ್ತಿ ಮುಚ್ಚುವ ಗ್ಲೌಸ್, ಕಣ್ಣಿಗೆ ಗಾಗಲ್ಸ್, ಎದೆಗೂ ಬೆನ್ನಿಗೂ ಸೇರಿ ಒಂದು ಗಟ್ಟಿ ಕವಚ, ಕುತ್ತಿಗೆಗೆ ಬೇರೆಯೇ ಒಂದು ಪಟ್ಟಿ. ಇದಲ್ಲದೆ ಹಿಂಭಾಗದಲ್ಲಿ ಸ್ಪಂಜ್ ಇಟ್ಟು ಹೊಲಿದ ಚಡ್ಡಿ. (ಅದು ಬೀಳುವುದಕ್ಕಲ್ಲ, ಕೂರುವುದಕ್ಕೆ.) ಭಾನುವಾರ ಬೆಳಿಗ್ಗೆ ನಾನು ಸಿಟೌಟಿನಲ್ಲಿ ಕಾಫಿ ಹಿಡಿದು ಕೂತು ಒಂದೊಂದನ್ನೇ ಹೆಸರು ಹಿಡಿದು ಕೇಳುತ್ತಿದ್ದೆ. ಇವರು ಒಂದೊಂದನ್ನೇ ತಟ್ಟಿ ತೋರಿಸಬೇಕು. ಯಕ್ಷಗಾನದ ಚೌಕಿಯಲ್ಲಿ ವೇಷ ಕಟ್ಟುವವರಿಗೂ ಇಷ್ಟು ತಪಾಸಣೆ ಇರಲಿಕ್ಕಿಲ್ಲ.

ಒಮ್ಮೆ ಬನ್ನಂಜೆಯ ನಮ್ಮ ಪಕ್ಕದ ಮನೆಯವರು ಹೂವಿನ ಗಿಡಕ್ಕೆ ನೀರು ಬಿಡುತ್ತಿದ್ದವರು ಪೈಪ್ ಕೆಳಗಿಟ್ಟು ಕೇಳಿದರು.

"ಎಲ್ಲಿಗೆ ಮಾರಾಯ್ರೆ, ಗಡಿಗಾ?"

"ಅಲ್ಲ, ಕಾರ್ಕಳಕ್ಕೆ," ಎಂದರು ಇವರು.

ಈ ಗುಂಪಿಗೆ ಒಬ್ಬ ಲೀಡರ್ ಇದ್ದಾನೆ, ಸಂದೇಶ್. ಕೆಲಸದಲ್ಲಿ ಫಿಸಿಯೋಥೆರಪಿಸ್ಟ್. (ಗುಂಪಿನವರು ಭಾನುವಾರ ಬೀಳುತ್ತಾರೆ, ಸೋಮವಾರ ಅವನಲ್ಲಿಗೇ ಹೋಗುತ್ತಾರೆ. ಎಲ್ಲವೂ ಅನುಕೂಲ.) ಅವನು ಒಂದು ದಿನ ನನಗೇ ಫೋನ್ ಮಾಡಿದ.

"ಅಕ್ಕ, ಬೇಜಾರು ಮಾಡ್ಬೇಡಿ. ಟ್ರೇಲ್ ಹೇಗೆ ಉಂಟು ಅಂತ ನೋಡಿ ಗೇರ್ ಹಾಕುವುದು. ಸಾದಾ ಮಣ್ಣಿನ ದಾರಿಗೆ ಹೆಲ್ಮೆಟ್, ಗ್ಲೌಸ್, ಮಂಡಿಗೆ ಒಂದು ಪ್ಯಾಡ್ ಸಾಕು. ಉಳಿದದ್ದೆಲ್ಲ ಕಡಿದಾದ ಇಳಿಜಾರಿಗೆ. ನಮ್ಮ ಈ ಸೆಕೆಯಲ್ಲಿ ಇಷ್ಟು ಕಟ್ಟಿಕೊಂಡರೆ ಅಣ್ಣ ಬೀಳುವ ಮೊದಲೇ ಬೇಯ್ತಾರೆ."

"ಬೆಂದರೆ ನೀರು ಕುಡಿಸಬಹುದು. ತಲೆ ಒಡೆದರೆ ಎಂತ ಮಾಡುವುದು?" ಎಂದೆ.

ಅವನು ಫೋನ್ ಇಟ್ಟ. ಆಮೇಲೆ ಗುಂಪಿನ ವಾಟ್ಸಾಪಿನಲ್ಲಿ ಈ ವಿಷಯಕ್ಕೆ ಎರಡು ಪಕ್ಷವಾಯಿತಂತೆ. ಕವಚ ಹೆಚ್ಚಾದರೆ ಧೈರ್ಯ ಹೆಚ್ಚಾಗುತ್ತದೆ, ಧೈರ್ಯ ಹೆಚ್ಚಾದರೆ ಬ್ರೇಕ್ ಹಿಡಿಯುವುದು ಕಡಿಮೆಯಾಗುತ್ತದೆ ಎನ್ನುವುದು ಒಂದು ಪಕ್ಷ. ಎಲುಬಿಗೆ ನಿಮ್ಮ ಈ ತರ್ಕ ಗೊತ್ತಾಗುವುದಿಲ್ಲ ಎನ್ನುವುದು ಇನ್ನೊಂದು. ನಾನು ಗುಂಪಿನಲ್ಲಿ ಇಲ್ಲದಿದ್ದರೂ ಎರಡನೆಯ ಪಕ್ಷದ ಅಧ್ಯಕ್ಷೆ ನಾನೇ.

ಇಷ್ಟಾದರೂ ಒಂದು ಕೊರತೆ ಉಳಿದಿತ್ತು. ಇವರ ಹೆಲ್ಮೆಟ್ ತಲೆಯ ಮೇಲ್ಭಾಗವನ್ನು ಮಾತ್ರ ಮುಚ್ಚುತ್ತಿತ್ತು. ನನಗೆ ಗಲ್ಲದವರೆಗೂ ಮುಚ್ಚುವ ಫುಲ್ ಫೇಸ್ ಬೇಕು. ದುಬೈಯಲ್ಲಿರುವ ನನ್ನ ಚಿಕ್ಕಮ್ಮನ ಮಗ ಜಗದೀಶನಿಗೆ ಹೇಳಿದೆ. ಅವನು ರಜೆಗೆ ಕಾಪುವಿನ ಮನೆಗೆ ಬರುವಾಗ ತಂದ. ಅದನ್ನು ತರಲು ಆ ಶನಿವಾರ ನಾವಿಬ್ಬರೂ ಸ್ಕೂಟರಿನಲ್ಲಿ ಹೊರಟೆವು.

ಕಾಪುವಿಗೆ ಹೈವೇಯಲ್ಲಿ ಹೋಗಬಹುದು. ಹೈವೇಯಲ್ಲಿ ಪೊಲೀಸರು ಸಿಗುತ್ತಾರೆ. ಹಿಂದೆ ಕೂರುವವರಿಗೂ ಹೆಲ್ಮೆಟ್ ಬೇಕು ಎಂದು ಕಾನೂನು ಇದೆ, ನಮ್ಮಲ್ಲಿ ಸ್ಕೂಟರಿಗೆ ಇರುವುದು ಒಂದೇ ಹೆಲ್ಮೆಟ್. ಮಟ್ಟುವಿನ ಒಳರಸ್ತೆಯಲ್ಲಿ ಪೊಲೀಸರು ಸಿಗುವುದಿಲ್ಲ, ಗುಳ್ಳ ಬದನೆ ಸಿಗುತ್ತದೆ. ಇದರಲ್ಲಿ ಯೋಚನೆ ಮಾಡುವುದಕ್ಕೆ ಏನಿದೆ? ನಮ್ಮ ಕಡೆ ಎಲ್ಲರೂ ಮಾಡುವುದು ಇದನ್ನೇ. ಒಳರಸ್ತೆಗೆ ತಿರುಗಿದ ಕೂಡಲೇ ಇವರು ತಮ್ಮ ಹೆಲ್ಮೆಟನ್ನೂ ತೆಗೆದು ಸೀಟಿನ ಕೆಳಗಿನ ಡಿಕ್ಕಿಗೆ ಹಾಕಿದರು. ಗಾಳಿ ಚೆನ್ನಾಗಿತ್ತು.

ಜಗದೀಶ ಹೆಲ್ಮೆಟನ್ನು ಮೈ ಒರೆಸುವ ಬೈರಾಸಿನಲ್ಲಿ ಸುತ್ತಿ ಇಟ್ಟಿದ್ದ.

"ಬಾಕ್ಸ್ ಅಲ್ಲೇ ಬಿಸಾಡಿದೆ ಅಕ್ಕ, ಲಗೇಜ್ ಜಾಸ್ತಿ ಆಗ್ತಿತ್ತು. ಒಳಗೆ ಖರ್ಜೂರ ತುಂಬಿಸಿದ್ದೆ. ಸ್ವಲ್ಪ ಅಂಟು ಉಂಟು, ಒರೆಸಿದರೆ ಹೋಗ್ತದೆ."

ಅವನ ಹೆಂಡತಿ ಹೊರಡುವಾಗ ಕುಂಕುಮ ಕೊಟ್ಟು, ಶಂಕರಪುರದ ಮಲ್ಲಿಗೆಯನ್ನು ನನ್ನ ಜಡೆಗೆ ಮುಡಿಸಿದಳು. ಇವರು ಹೆಲ್ಮೆಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನಾನು ಸ್ಕೂಟರಿನಲ್ಲಿ ಒಂದು ಬದಿಗೆ ಕಾಲು ಹಾಕಿ ಕೂತ ಮೇಲೆ ನನ್ನ ತೊಡೆಯ ಮೇಲೆ ಇಟ್ಟರು.

"ಗೀಟು ಬೀಳದ ಹಾಗೆ ಹಿಡ್ಕೊ."

ಹಿಡಿದುಕೊಂಡೆ. ಈಗ ನೀವೇ ನೋಡಿ. ಒಂದು ಸ್ಕೂಟರ್, ಎರಡು ತಲೆ, ಎರಡು ಹೆಲ್ಮೆಟ್. ಒಂದು ಡಿಕ್ಕಿಯಲ್ಲಿ, ಒಂದು ತೊಡೆಯ ಮೇಲೆ. ಅದನ್ನು ಹಾಕಿಕೊಳ್ಳಬಹುದು ಎಂದು ನನಗೆ ಹೊಳೆಯಲೇ ಇಲ್ಲ. ಇವರಿಗೂ ಹೊಳೆಯಲಿಲ್ಲ, ಗೇಟಿನವರೆಗೆ ಬಂದ ಜಗದೀಶನಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಮಲ್ಲಿಗೆ ಹಾಳಾಗುತ್ತದೆ ಎಂದು ನಾನೇ ಬೇಡ ಎನ್ನುತ್ತಿದ್ದೆ.

ಮಟ್ಟು ಹತ್ತಿರ ಬಂದಾಗ ಒಂದು ತಿರುವು. ಕಡಲಗಾಳಿಗೆ ರಸ್ತೆಯ ಮೇಲೆ ಮರಳು, ನಮ್ಮ ಮಾತಿನಲ್ಲಿ ಹೊಯಿಗೆ, ಹರಡಿತ್ತು. ಇವರು ಹೊಸ ಹೆಲ್ಮೆಟ್‌ನಲ್ಲಿ ಗಾಳಿಯಾಡಲು ಎಷ್ಟು ತೂತುಗಳಿವೆ ಎಂದು ವಿವರಿಸುತ್ತಿದ್ದರು. ವೇಗವೇನೂ ಇರಲಿಲ್ಲ, ಪಕ್ಕದಲ್ಲಿ ಒಂದು ಬಾತುಕೋಳಿ ನಡೆದಿದ್ದರೆ ನಮ್ಮ ಜೊತೆಗೇ ಬರುತ್ತಿತ್ತು. ಚಕ್ರ ಹೊಯಿಗೆಯಲ್ಲಿ ಜಾರಿತು.

ಬೀಳುವಾಗ ಮನುಷ್ಯರು ಕೈ ಊರುತ್ತಾರೆ. ನಾನು ಊರಲಿಲ್ಲ. ನನ್ನ ಎರಡೂ ಕೈ ಹೆಲ್ಮೆಟನ್ನು ಅಪ್ಪಿ ಹಿಡಿದಿದ್ದವು. ತಲೆಯ ಎಡಭಾಗ ರಸ್ತೆಯಂಚಿನ ಕಲ್ಲಿಗೆ ಬಡಿಯಿತು.

ಅಲ್ಲೇ ಜಗಲಿಯಲ್ಲಿ ಬಲೆ ಸರಿ ಮಾಡುತ್ತಿದ್ದ ಹಿರಿಯರೊಬ್ಬರು ಓಡಿ ಬಂದರು. ನನ್ನನ್ನು ನೋಡಿದರು, ನನ್ನ ಕೈಯಲ್ಲಿ ಇದ್ದದ್ದನ್ನು ನೋಡಿದರು. ತುಳುವಿನಲ್ಲಿ ಅವರು ಹೇಳಿದ್ದು ಇಷ್ಟು: "ಹೆಲ್ಮೆಟ್ ಉಂಟಲ್ಲ ಅಕ್ಕ. ಕೈಯಲ್ಲೇ ಉಂಟು." ಆಮೇಲೆ ಹೆಗಲ ಮೇಲಿದ್ದ ಬೈರಾಸನ್ನು ತೆಗೆದು ನನ್ನ ತಲೆಗೆ ಬಿಗಿಯಾಗಿ ಕಟ್ಟಿದರು.

ಒಂದು ಮಾತನ್ನು ಇವರ ಪರವಾಗಿ ಹೇಳಲೇಬೇಕು. ಎದ್ದು ಬಂದವರು ಮೊದಲು ಹಿಡಿದದ್ದು ನನ್ನ ಭುಜವನ್ನು, ಹೆಲ್ಮೆಟನ್ನಲ್ಲ. ಹೆಲ್ಮೆಟ್ ನೋಡಿದವಳು ನಾನು. "ಗೀಟು ಬೀಳಲಿಲ್ಲ ನೋಡಿ" ಎಂದೆನಂತೆ. ಕಾಲರ್ ಬೋನ್ ಮುರಿದಾಗಲೂ ಅಳದವರು ಆ ಹೊಯಿಗೆಯ ಮೇಲೆ ಕೂತು ಅತ್ತರು. ಮೂವತ್ತು ವರ್ಷದ ಸಂಸಾರದಲ್ಲಿ ನಾನು ಅದನ್ನು ನೋಡಿದ್ದು ಅದೇ ಮೊದಲು, ಅದೂ ಒಂದು ಕಣ್ಣಿನಿಂದ. ಇನ್ನೊಂದು ಕಣ್ಣಿಗೆ ರಕ್ತ ಇಳಿದಿತ್ತು.

ಯಾರದೋ ರಿಕ್ಷಾ ಬಂತು. ಮಣಿಪಾಲದ ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಫಾರ್ಮ್ ತುಂಬಿಸುತ್ತ ಕೇಳಿದರು.

"ಹೆಲ್ಮೆಟ್ ಇತ್ತಾ?"

"ಇತ್ತು," ಎಂದೆವು ಇಬ್ಬರೂ.

ಅವರು ಪೆನ್ ಎತ್ತಿ ನನ್ನ ತಲೆ ನೋಡಿದರು. ಆಮೇಲೆ ಇವರ ಕಂಕುಳಲ್ಲಿದ್ದ ಫುಲ್ ಫೇಸ್ ನೋಡಿದರು. ಏನೋ ಬರೆದುಕೊಂಡರು. ಏನು ಬರೆದರು ಎಂದು ತಿಳಿಯುವ ಧೈರ್ಯ ನನಗಾಗಲಿಲ್ಲ.

ಎಡಗಿವಿಯ ಮೇಲೆ ಕೂದಲು ಬೋಳಿಸಿ ಏಳು ಹೊಲಿಗೆ ಹಾಕಿದರು. ಆಮೇಲೆ ಸ್ಕ್ಯಾನ್. ಅದರ ರಿಪೋರ್ಟ್ ಬರುವವರೆಗೆ ಕಾಯಬೇಕಿತ್ತು. ಆಗ ನನಗೆ ಹೆದರಿಕೆಯಾಯಿತು. ಸುಳ್ಳು ಹೇಳುವುದಿಲ್ಲ, ತುಂಬಾ ಹೆದರಿಕೆಯಾಯಿತು. ನಾನು ಅನ್ನ ತಿನ್ನುವುದು ಈ ತಲೆಯಿಂದ. ವಾರಕ್ಕೊಂದು ಅಂಕಣ, ನಡುವೆ ನಾಲ್ಕು ಭಾಷಣ, ಎಲ್ಲ ಇದರೊಳಗಿನಿಂದಲೇ ಬರಬೇಕು. ಮಲಗಿದಲ್ಲೇ ತಿಂಗಳುಗಳ ಹೆಸರನ್ನು ಕೊನೆಯಿಂದ ಮೊದಲಿಗೆ ಹೇಳಿ ನೋಡಿದೆ. ಆಷಾಢದ ಹತ್ತಿರ ಸಿಕ್ಕಿಬಿದ್ದೆ. ಮೊದಲು ಬರುತ್ತಿತ್ತೋ ಇಲ್ಲವೋ ಎಂದು ನೆನಪಾಗದೆ ಇನ್ನಷ್ಟು ಹೆದರಿದೆ.

ರಿಪೋರ್ಟ್‌ನಲ್ಲಿ ಏನೂ ಇರಲಿಲ್ಲ. ಅಂದರೆ, ಏನೂ ತೊಂದರೆ ಇರಲಿಲ್ಲ.

ಮನೆಯಲ್ಲಿ ಮಲಗಿದ್ದ ದಿನಗಳಲ್ಲಿ ಯೋಚನೆ ಮಾಡಲು ಬೇಕಾದಷ್ಟು ಸಮಯ ಸಿಕ್ಕಿತು. ನಾವು ಅಪಾಯಕ್ಕೆ ಒಂದು ಊರು ಗೊತ್ತು ಮಾಡಿಬಿಟ್ಟಿದ್ದೇವೆ. ನಮ್ಮ ಮಟ್ಟಿಗೆ ಅದು ಕಾರ್ಕಳದ ಗುಡ್ಡೆ. ಅಲ್ಲಿಗೆ ಹೋಗುವಾಗ ಉಗುರಿನಿಂದ ಕುತ್ತಿಗೆಯವರೆಗೆ ಕಟ್ಟಿಕೊಳ್ಳುತ್ತೇವೆ. ಬದನೆಕಾಯಿ ತರುವ ರಸ್ತೆಯಲ್ಲಿ ಏನಾಗುತ್ತದೆ? ನಮ್ಮದೇ ರಸ್ತೆಯಲ್ಲವೇ? ಸ್ಟೂಲಿನ ಮೇಲೆ ಸ್ಟೂಲು ಇಟ್ಟು ಫ್ಯಾನ್ ಒರೆಸುತ್ತೇವೆ. ನೀರು ಚೆಲ್ಲಿದ ಬಚ್ಚಲಿನಲ್ಲಿ ಒಂದೇ ಕಾಲಿನಲ್ಲಿ ನಿಂತು ಇನ್ನೊಂದು ಪಾದ ತಿಕ್ಕುತ್ತೇವೆ. ಅದಕ್ಕೆಲ್ಲ ಯಾರು ಪ್ಯಾಡ್ ಹಾಕುತ್ತಾರೆ?

ಇನ್ನೊಂದು ವಿಷಯವೂ ಹೊಳೆಯಿತು. ಮೋಟಾರ್ ಸೈಕಲಿನ ಹಿಂಚಕ್ರದ ಪಕ್ಕದಲ್ಲಿ ಒಂದು ಕಬ್ಬಿಣದ ಜಾಲರಿ ಇರುತ್ತದೆ, ನೋಡಿದ್ದೀರಲ್ಲ? ಅದರ ಹೆಸರು ಸ್ಯಾರಿ ಗಾರ್ಡ್. ಹಿಂದೆ ಕೂತ ಹೆಂಗಸಿನ ಬಗ್ಗೆ ಯಾರೂ ಯೋಚಿಸಿಲ್ಲ ಎಂದು ಹೇಳುವ ಹಾಗಿಲ್ಲ. ಅವಳ ಸೀರೆಯ ಬಗ್ಗೆ ಯೋಚಿಸಿದ್ದಾರೆ.

ಸಂದೇಶ್ ಮೂಸಂಬಿ ಹಿಡಿದುಕೊಂಡು ನೋಡಲು ಬಂದ. ಹೊರಡುವ ಮೊದಲು ಹೇಳಿದ.

"ಅಕ್ಕ, ಗುಡ್ಡೆಯಲ್ಲಿ ಇಷ್ಟು ವರ್ಷದಲ್ಲಿ ನಮ್ಮ ಗುಂಪಿನ ಒಬ್ಬರಿಗೂ ತಲೆಗೆ ಹೊಲಿಗೆ ಬೀಳಲಿಲ್ಲ."

ಮೂಸಂಬಿ ಒಳ್ಳೆಯದಿತ್ತು.

ಇವರು ಎರಡು ಭಾನುವಾರ ಗುಡ್ಡೆಗೆ ಹೋಗಲಿಲ್ಲ. ಹೋಗಿ ಎಂದೆ, ಹೋಗಲಿಲ್ಲ. ಹೊಲಿಗೆ ಬಿಚ್ಚಿದ ಮರುದಿನ ನನ್ನನ್ನು ರಿಕ್ಷಾದಲ್ಲಿ ಕೂರಿಸಿ ಉಡುಪಿಯ ಒಂದು ಹೆಲ್ಮೆಟ್ ಅಂಗಡಿಗೆ ಕರೆದುಕೊಂಡು ಹೋದರು. ಇನ್ನು ಮೇಲೆ ಹೆಲ್ಮೆಟ್ ಇಲ್ಲದೆ ನಾನು ಸ್ಕೂಟರಿನ ಹಿಂದೆ ಕೂರುವ ಹಾಗಿಲ್ಲ. ಇದು ಅವರು ಮಾಡಿದ ಕಾನೂನು.

"ಯಾರಿಗೆ ಸರ್?" ಅಂಗಡಿಯವರು ಕೇಳಿದರು.

"ಇವಳಿಗೆ."

"ಸೈಜ್ ಎಷ್ಟು?"

ಇವರಿಗೆ ತಮ್ಮ ಮಂಡಿಯ ಸುತ್ತಳತೆ ಬಾಯಿಪಾಠ. ಮೊಣಕೈ, ತೊಡೆ, ಎದೆ, ಅಂಗೈ ಎಲ್ಲವನ್ನೂ ಸೆಂಟಿಮೀಟರಿನಲ್ಲಿ ಫೋನಿನಲ್ಲಿ ಬರೆದಿಟ್ಟಿದ್ದಾರೆ. ಆ ಫೋನ್ ತೆಗೆದರು, ಮೇಲಿನಿಂದ ಕೆಳಗೆ ಒಮ್ಮೆ ನೋಡಿದರು, ಜೇಬಿಗೆ ಹಾಕಿಕೊಂಡರು.

"ಎಷ್ಟು?" ಎಂದು ನನ್ನನ್ನೇ ಕೇಳಿದರು.

"ನನಗೆಂತ ಗೊತ್ತು?"

"ನಿನ್ನ ತಲೆ ಅಲ್ವಾ?"

ಹೌದು, ನನ್ನದೇ. ಆದರೆ ನನಗೂ ಗೊತ್ತಿರಲಿಲ್ಲ. ಅಂಗಡಿಯವರು ಟೇಪ್ ತಂದು, ಹೊಲಿಗೆಯ ಜಾಗಕ್ಕೆ ತಾಗದ ಹಾಗೆ ಹಣೆಯ ಸುತ್ತ ಹಿಡಿದರು. ಐವತ್ತಾರು ಸೆಂಟಿಮೀಟರ್. ಇವರು ಮತ್ತೆ ಫೋನ್ ತೆಗೆದು, ಕನ್ನಡಕ ಏರಿಸಿ, ನನ್ನ ಹೆಸರಿನ ಮುಂದೆ ಅದನ್ನು ಬರೆದುಕೊಂಡರು.

ಬುದ್ಧಿ ಬಂದಂದಿನಿಂದ ನನ್ನ ಮೈಯ ಅಳತೆ ತೆಗೆದವರಿಗೆ ಲೆಕ್ಕವಿಲ್ಲ. ರವಿಕೆಗೆ ತೋಳು, ಬಳೆಗೆ ಕೈ, ಉಂಗುರಕ್ಕೆ ಬೆರಳು, ಗೆಜ್ಜೆಗೆ ಕಾಲು. ನನ್ನ ತಲೆಗೆ ಯಾರಾದರೂ ಟೇಪ್ ಹಿಡಿದದ್ದು ಐವತ್ತನಾಲ್ಕು ವರ್ಷದಲ್ಲಿ ಇದೇ ಮೊದಲು.

ನಿಮ್ಮ ಮನೆಯ ಹೆಂಗಸರ ತಲೆಯ ಅಳತೆ ಎಷ್ಟು, ಯಾರಿಗಾದರೂ ಗೊತ್ತಿದೆಯೇ?