ಹಗೇವಿಗೆ ಸೆಲ್ಲು ಕೊಡದ ಚಾಚಾ

ದಸರೆಗೆ ಮನೆ ತೊಳೆಯುವಾಗ ಅಟ್ಟದ ಮೇಲಿನ ತಗಡಿನ ಡಬ್ಬಿಯಲ್ಲಿ ಅಂಗೈಯಷ್ಟೇ ಇರುವ ಒಂದು ಟಾರ್ಚ್ ಸಿಕ್ಕಿತು. ನಮ್ಮ ಕಡೆ ಟಾರ್ಚಿಗೆ ಬ್ಯಾಟ್ರಿ ಅನ್ನುತ್ತೇವೆ, ಒಳಗೆ ಹಾಕುವುದಕ್ಕೆ ಸೆಲ್ಲು. ಎಂಟೊಂಬತ್ತು ವರ್ಷದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಒಳಗೆಲ್ಲ ಕಿಲುಬು ಹಿಡಿದಿರುತ್ತದೆ, ಎಸೆದರಾಯಿತು ಎಂದುಕೊಂಡು ಸುಮ್ಮನೆ ಗುಂಡಿ ಒತ್ತಿದೆ. ಎದುರಿನ ಗೋಡೆಗೆ ಬೆಳ್ಳಗೆ ಬೆಳಕು ಬಿತ್ತು! ಕೈಯಲ್ಲಿದ್ದ ಕಸಬರಿಗೆ ಕೆಳಗಿಟ್ಟು ಅಲ್ಲೇ ಕುಳಿತುಬಿಟ್ಟೆ.

“ಹತ್ತು ವರ್ಷ ಇಟ್ರೂ ಜೀವಾ ಹಿಡಕೊಂಡಿರ್ತಾವ ಬೇಟಿ” ಅಂದಿದ್ದರು ಅಫಜಲಪುರದ ಸೆಲ್ಲಿನ ಚಾಚಾ. ನಾನು ನಂಬಿರಲಿಲ್ಲ. ಅವರು ಹೇಳಿದ್ದನ್ನು ಮೊದಲ ಸಲಕ್ಕೇ ನಂಬಿದ ದಿನವಾದರೂ ಎಲ್ಲಿತ್ತು...

ಬಸ್ ಸ್ಟ್ಯಾಂಡಿನ ಹಿಂದೆ ಒಂದು ಹೊರಸು ಮಂಚದಷ್ಟು ಅಗಲದ ಅಂಗಡಿ ಅವರದು. ಗಡಿಯಾರ, ರೇಡಿಯೋ, ಬ್ಯಾಟ್ರಿ, ಸೆಲ್ಲು. ಮೊದಲ ಸಲ ಹೋದಾಗ ಹಾಡಹಗಲೇ ಎರಡು ಬ್ಯಾಟ್ರಿ ಹಚ್ಚಿ ಗೋಡೆಗೆ ಮುಖ ಮಾಡಿ ಇಟ್ಟಿದ್ದರು. ಈ ಮುದುಕರ ತಲೆ ನೆಟ್ಟಗಿಲ್ಲ ಅಂದುಕೊಂಡೆ. ಒಂದರಲ್ಲಿ ಹೆಸರಾದ ಕಂಪನಿಯ ಸೆಲ್ಲು, ಇನ್ನೊಂದರಲ್ಲಿ ಅಗ್ಗದ್ದು. ಯಾವುದು ಎಷ್ಟು ತಾಸು ಉರಿಯಿತು ಎಂದು ಬಾಗಿಲ ಹಲಗೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು. ಹಲಗೆ ತುಂಬ ಗೆರೆ. ಯಾರು ಮಾಡು ಅಂದಿದ್ದರು ಅವರಿಗೆ? ಯಾರೂ ಅಂದಿರಲಿಲ್ಲ. ಹೊಸ ಸೆಲ್ಲು ಬಂದರೆ ನಾಲ್ಕನ್ನು ಬೇಸಿಗೆಯಿಡೀ ತಗಡಿನ ಮಾಡಿನ ಕೆಳಗೆ ಬೇಯಲು ಬಿಟ್ಟು, ಆಮೇಲೆ ಹಚ್ಚಿ ನೋಡುತ್ತಿದ್ದರು. ನಮ್ಮೂರ ಬಿಸಿಲು ಉಂಡ ಮೇಲೂ ಉರಿದರೆ ಮಾತ್ರ ಅದು ಸೆಲ್ಲು ಎಂಬುದು ಅವರ ಲೆಕ್ಕ.

ನಮ್ಮವರು ಸೊಲ್ಲಾಪುರದಿಂದ ತಂದಿದ್ದ ಈ ಪುಟ್ಟ ಬ್ಯಾಟ್ರಿಗೆ ಎಲ್ಲ ಕಡೆ ಸಿಗುವ ಸೆಲ್ಲು ಕೂಡುತ್ತಿರಲಿಲ್ಲ. ಗಿಡ್ಡಗೆ ದಪ್ಪಗಿರುವ ಎರಡು ಲಿಥಿಯಂ ಸೆಲ್ಲು ಬೇಕು, ಅವನ್ನು ಚಾರ್ಜ್ ಮಾಡಲಿಕ್ಕೂ ಬರುವುದಿಲ್ಲ, ಮುಗಿದರೆ ಎಸೆಯುವುದೇ. ಅವು ಚಾಚಾ ಹತ್ತಿರ ಮಾತ್ರ ಇದ್ದವು. ಅಗ್ಗದ ಜೋಡಿ ಕೊಡಿ ಅಂದೆ. ಅವರು ಒಡೆದು ಸೀಳಿದ ಒಂದು ಬ್ಯಾಟ್ರಿ ತೆಗೆದು ನನ್ನ ಮುಂದಿಟ್ಟರು.

“ಅಗ್ಗದ್ದು ಅಂದ್ರ ಕೆಟ್ಟದ್ದು ಅಂತ ನಾ ಅನ್ನಂಗಿಲ್ಲ. ಒಂದೇ ಸೆಲ್ಲು ಹಾಕೋ ಬ್ಯಾಟ್ರಿ ಇದ್ರ ಬೇಶಕ್ ಒಯ್ಯಿ. ಆದ್ರ ಒಂದೇ ಪಾಕೀಟಿನ್ಯಾಗಿನ ಎರಡು ಒಂದರಂಗ ಒಂದು ಇರಂಗಿಲ್ಲ ಬೇಟಿ. ಸಮಾ ಇಲ್ಲದ ಎತ್ತಿನ ಜೋಡಿ ಹೂಡಿದಂಗ. ಒಂದು ಸೋತು ನಿಂತ್ರೂ ಇನ್ನೊಂದು ಅದನ್ನ ಎಳೀತದ. ಕಾಯ್ತದ, ಸಿಡೀತದ. ಇದು ನನ್ನ ಕೈಯಾಗೇ ಸಿಡಿದದ್ದು.”

ಹೆಬ್ಬೆರಳಿನ ಸುಟ್ಟ ಕಲೆ ತೋರಿಸಿದರು. ನಾನು ಬಾಯಿ ಮುಚ್ಚಿಕೊಂಡು ಹೆಸರಾದ ಕಂಪನಿಯ ಜೋಡಿಯನ್ನೇ ತಂದೆ.

ಆಮೇಲೆ ಹಗೇವಿನ ವರ್ಷ ಬಂತು. ನಮ್ಮ ಮನೆಯ ಹಿತ್ತಲಲ್ಲಿ ಮಾವನವರ ಕಾಲದ ಹಗೇವು ಇದೆ, ಜೋಳ ತುಂಬಿಡುವ ನೆಲದೊಳಗಿನ ಕಣಜ. ಬಾಯಿ ಒಬ್ಬ ಇಳಿಯುವಷ್ಟು, ಒಳಗೆ ಎರಡಾಳು ಆಳ. ಹತ್ತಾರು ವರ್ಷದಿಂದ ಮುಚ್ಚಿತ್ತು. ಆ ಸಲ ಜೋಳ ಭರಪೂರ ಬಂದಿತ್ತು, ಹಗೇವು ತೆಗೆದು ಹಸನು ಮಾಡೋಣ ಅಂದರು ನಮ್ಮವರು. ಅತ್ತೆಯವರು, “ಮೊದ್ಲ ಕಂದೀಲು ಇಳಸ್ತಿದ್ರಪಾ” ಅಂದರು. ಅವರ ಮಾತಿಗೆ ನಕ್ಕವಳು ನಾನೇ. “ಈಗ ಸೀಮೆಎಣ್ಣಿ ಯಾರ ಮನ್ಯಾಗ ಅದರೀ ಅತ್ತಿ? ಬ್ಯಾಟ್ರಿ ಹಾಕಿದ್ರ ತಳಾನೇ ಕಾಣ್ತದ.” ಹೌದು, ನಾನೇ ಅಂದದ್ದು. ಹೊಸ ಸೆಲ್ಲು ತರುತ್ತೇನೆಂದು ಬೆಳಿಗ್ಗೆಯೇ ಚೌಡಾಪುರ ಕಡೆಯಿಂದ ಬಂದ ಬಸ್ಸು ಹತ್ತಿ ಅಫಜಲಪುರಕ್ಕೆ ಹೋದವಳೂ ನಾನೇ.

“ಎಲ್ಲಾದಕ್ಕಿಂತ ಚೊಲೊ ಜೋಡಿ ಕೊಡ್ರಿ ಚಾಚಾ, ಹಗೇವಿನ್ಯಾಗ ಇಳಿಯೂದದ” ಅಂದೆ.

ಸೆಲ್ಲಿಗೆ ಚಾಚಿದ ಅವರ ಕೈ ಅಲ್ಲೇ ನಿಂತಿತು. “ಕಂದೀಲು ಇಳಿಸೀರೇನು?”

“ಇಲ್ಲರಿ, ಬ್ಯಾಟ್ರಿ ಅದಲ್ಲ.”

“ಹಂಗಾರ ನಾ ಕೊಡಂಗಿಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. ವ್ಯಾಪಾರ ಮಾಡಲು ಬಾರದಿದ್ದರೆ ಅಂಗಡಿ ಯಾಕೆ ಇಟ್ಟಿದ್ದೀರಿ ಎಂದು ಹತ್ತು ಜನ ಕೇಳುವಂತೆ ಅಂದುಬಿಟ್ಟೆ. ತಂದೆಯ ವಯಸ್ಸಿನವರಿಗೆ! ಅವರು ಮುಖ ಸಹ ಸಣ್ಣದು ಮಾಡಲಿಲ್ಲ.

“ದೀಪಕ್ಕ ಗಾಳಿ ಬೇಕು, ಮನಷ್ಯಾಗೂ ಬೇಕು. ಸೆಲ್ಲಿಗೆ ಬೇಕಾಗಿಲ್ಲ ಬೇಟಿ. ಒಳಗ ಕೆಟ್ಟ ಗಾಳಿ ಇದ್ರ ಕಂದೀಲು ಆರಿ ಹೇಳ್ತದ. ಬ್ಯಾಟ್ರಿ ಏನ್ ಹೇಳ್ತದ? ಫೋನ್ ಹಚ್ಚು ಮನೀಗೆ.”

ಹಚ್ಚಿದೆ. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದೆ. ಆಗಲೂ ಅಷ್ಟೇ. ಅಷ್ಟರಲ್ಲಿ ಚಾಚಾ ಹಲಗೆ ಎಳೆದು ಬೀಗ ಜಡಿದು, ಕೈಯಲ್ಲೊಂದು ಹಳೆಯ ಕಂದೀಲು ಹಿಡಿದು ಹೊರಗೆ ಬಂದಿದ್ದರು. ಶುಕ್ರವಾರದ ನಮಾಜಿಗೆ ಬಿಟ್ಟರೆ ಹಗಲಲ್ಲಿ ಆ ಬಾಗಿಲು ಮುಚ್ಚಿದ್ದನ್ನು ಯಾರೂ ನೋಡಿರಲಿಲ್ಲ. ಅವರ ಮೊಪೆಡ್ಡಿನ ಹಿಂದೆ, ಕಂದೀಲು ಮಡಿಲಲ್ಲಿಟ್ಟುಕೊಂಡು ಕುಳಿತೆ. ದಾರಿಯುದ್ದಕ್ಕೂ ಕಂಡ ದೇವರಿಗೆಲ್ಲ ಹರಕೆ ಹೊತ್ತೆ.

ಹಿತ್ತಲಲ್ಲಿ ಹಗೇವಿನ ಕಲ್ಲು ಸರಿದಿತ್ತು. ನಮ್ಮವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಮಗ್ಗುಲ ಮನೆಯ ದೊಡ್ಡ ಬ್ಯಾಟ್ರಿ ಹಿಡಿದು, ಒಂದು ಕಾಲು ಒಳಗೆ ಬಿಟ್ಟು ಕುಳಿತಿದ್ದರು. “ತಳಾ ಚೊಕ್ಕ ಕಾಣ್ತದ” ಎಂದು ನಗುತ್ತಿದ್ದರು.

“ನಿಂದರ್ರೀ!” ಎಂದು ಚಾಚಾ ಕೂಗಿದ ದನಿ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಕಂದೀಲು ಹಚ್ಚಿ, ಹಗ್ಗ ಕಟ್ಟಿ ಮೊಳ ಮೊಳವಾಗಿ ಬಿಟ್ಟರು. ನಾವೆಲ್ಲ ಬಗ್ಗಿ ನೋಡುತ್ತಿದ್ದೆವು. ಒಂದಾಳು ಆಳಕ್ಕೆ ಉರಿ ಸಣ್ಣದಾಯಿತು. ಇನ್ನೆರಡು ಮೊಳ ಹೋಗುವುದರೊಳಗೆ ಸುಮ್ಮನೆ ಇಲ್ಲವಾಯಿತು. ಗಾಳಿ ಬೀಸಿರಲಿಲ್ಲ, ಸಪ್ಪಳವೂ ಆಗಲಿಲ್ಲ. ನಮ್ಮವರ ಕೈಯ ಬ್ಯಾಟ್ರಿ ಮಾತ್ರ ಝಗಝಗ ಉರಿಯುತ್ತಲೇ ಇತ್ತು, ಅದರ ಬೆಳಕಿನಲ್ಲೇ ನಾವು ಆರಿದ ಕಂದೀಲನ್ನು ಕಂಡೆವು... ಗಾಜು, ಬತ್ತಿ, ಎಲ್ಲ ಚೊಕ್ಕ ಕಾಣುತ್ತಿತ್ತು. ಮೇಲೆಳೆದು ಮತ್ತೆ ಹಚ್ಚಿ ಇಳಿಸಿದರು. ಮತ್ತೆ ಅಲ್ಲೇ ಆರಿತು. ನಮ್ಮವರು ಕಾಲು ಹೊರಗೆ ಎಳೆದುಕೊಂಡು ಹಗ್ಗ ಬಿಚ್ಚಿದರು. ಅತ್ತೆಯವರು ನೆಲಕ್ಕೆ ಹಣೆ ಹಚ್ಚಿದರು. ನಾನು ನಾಚಿಕೆಯಿಲ್ಲದೆ ಎಲ್ಲರ ಮುಂದೆ ಗೊಳೋ ಎಂದು ಅತ್ತುಬಿಟ್ಟೆ.

ಚಹಾ ಕೊಡುವಾಗ ಕೇಳಿದೆ, ಇದೆಲ್ಲ ಹೇಗೆ ಗೊತ್ತು ಚಾಚಾ ಎಂದು. ಚಹಾದ ಬಸಿ ಕೆಳಗಿಟ್ಟು ಹೇಳಿದರು.

“ನಮ್ಮ ಅಣ್ಣ ಇಳಿದಿದ್ದ. ಸೆಲ್ಲು ನಾನೇ ಹಾಕಿ ಕೊಟ್ಟಿದ್ದೆ, ಅಂಗಡ್ಯಾಗಿನ ಎಲ್ಲಾದಕ್ಕಿಂತ ಚೊಲೊ ಸೆಲ್ಲು. ಅಂವನ್ನ ಮ್ಯಾಲ ತಂದಾಗ ಕೈಯಾಗಿನ ಬ್ಯಾಟ್ರಿ ಇನ್ನೂ ಉರ್ಯಾಕತ್ತಿತ್ತು...”

ಅಷ್ಟೇ ಹೇಳಿದ್ದು. ಆಮೇಲೂ ಆ ಮನುಷ್ಯ ಸೆಲ್ಲು ಮಾರುವುದನ್ನು ಬಿಡಲಿಲ್ಲವಲ್ಲ, ಒಂದೊಂದನ್ನೂ ಉರಿಸಿ ನೋಡಿಯೇ ಕೊಟ್ಟರಲ್ಲ ಎಂದು ನನಗೆ ಈಗಲೂ ಅಚ್ಚರಿ. ಎಂಥ ಎದೆ ಇದ್ದಿರಬೇಕು!

ಎರಡು ದಿನ ಹಗೇವಿನ ಬಾಯಿ ತೆರೆದಿಟ್ಟು, ಬೇವಿನ ಟೊಂಗೆ ಇಳಿಸಿ ಎಳೆದು ಗಾಳಿ ಆಡಿಸಿದೆವು. ಮೂರನೆಯ ದಿನ ಚಾಚಾ ಮತ್ತೆ ಬಂದರು. ಕಂದೀಲು ತಳ ಮುಟ್ಟುವವರೆಗೂ ಉರಿಯಿತು, ತಳದಲ್ಲಿ ಬಹಳ ಹೊತ್ತು ನಿಂತೂ ಉರಿಯಿತು. ಆಗ ಜೇಬಿನಿಂದ ಹೊಸ ಜೋಡಿ ತೆಗೆದು, ತಮ್ಮ ಕೈಯಿಂದಲೇ ಈ ಪುಟ್ಟ ಬ್ಯಾಟ್ರಿಗೆ ಹಾಕಿ ನಮ್ಮವರಿಗೆ ಕೊಟ್ಟರು. ಆ ಒಂದು ದಿನವಷ್ಟೇ ಅದು ಉರಿದದ್ದು. ಆಮೇಲೆ ಮೊಬೈಲಿನಲ್ಲೇ ಬೆಳಕು ಬಂತು, ಇದು ಡಬ್ಬಿ ಸೇರಿತು. ಕಂದೀಲನ್ನು ಅವರು ಒಯ್ಯಲಿಲ್ಲ. “ಇರ್ಲಿ, ವರ್ಷಾ ವರ್ಷಾ ಬೇಕಾಗ್ತದ” ಅಂದರು.

ಕಂದೀಲು ಕೊಡುವ ನೆವದಲ್ಲಿ ಒಮ್ಮೆ ಹೋಗಿ, ಅಂದ ಮಾತಿಗೆ ತಪ್ಪಾಯಿತು ಅನ್ನಬೇಕೆಂದಿದ್ದೆ. ಇವತ್ತು ನಾಳೆ ಎನ್ನುತ್ತಲೇ ವರ್ಷ ದಾಟಿತು. ಹೋದಾಗ ಅಲ್ಲಿ ಮೊಬೈಲ್ ಕವರಿನ ಅಂಗಡಿ, ಹಲಗೆಯ ಬದಲು ಕಬ್ಬಿಣದ ಶಟರು. ಯಡ್ರಾಮಿಯಲ್ಲಿ ಮಗಳ ಮನೆಯಲ್ಲಿ ತೀರಿಕೊಂಡರು ಎಂದರು ಮಗ್ಗುಲ ಅಂಗಡಿಯವರು. ಅಷ್ಟು ಗೆರೆಗಳಿದ್ದ ಆ ಹಲಗೆಗಳನ್ನು ಯಾರು ಒಯ್ದರೋ...

ನೆರಳು ಬಿದ್ದಂತಾಗಿ ತಲೆಯೆತ್ತಿದೆ. ನಮ್ಮವರು ಹೊಲದಿಂದ ಬಂದು ಬಾಗಿಲಲ್ಲಿ ನಿಂತಿದ್ದರು.

“ಏನಬೇ, ಹಗಲಿನ್ಯಾಗ ಬ್ಯಾಟ್ರಿ ಹಚ್ಚಿ ಕುಂತೀ? ಹೊಟ್ಟಿ ಹಸ್ಯಾಕತ್ತದ, ರೊಟ್ಟಿ ಹಾಕು.”

ಚಾಚಾ ಹಾಕಿಕೊಟ್ಟ ಜೋಡಿ ಇನ್ನೂ ಉರಿಯುತ್ತಿತ್ತು. ಅದನ್ನು ಆರಿಸದೆ ಹಾಗೇ ಗೋಡೆಗೆ ಮುಖ ಮಾಡಿ ಇಟ್ಟು, ಹಸಿದು ಬಂದ ಗಂಡನಿಗೆ ರೊಟ್ಟಿ ಬಡಿಯಲು ಎದ್ದೆ.