ಬೆನ್ನು ಬರೆದ ಭಾನುವಾರ

ನಿಮಗೂ ಹೀಗಾಗಿದೆಯಾ? ಒಬ್ಬ ಮನುಷ್ಯನನ್ನು ನೋಡಿದ ಕೂಡಲೇ ಇವನು ಸರಿಯಿಲ್ಲ ಅನ್ನಿಸಿ, ಆಮೇಲೆ ಅವನು ಕೆಮ್ಮಿದರೂ ಅದು ಸಾಕ್ಷಿಯಾಗಿಯೇ ಕಂಡಿದೆಯಾ? ನನಗೆ ಆಗಿದೆ. ಹೇಳಿದರೆ ನನ್ನ ಮರ್ಯಾದೆಯೇ ಹೋಗುವುದು, ಇರಲಿ.

ಮಲ್ಲೇಶ್ವರದ ಒಂದು ಹಳೇ ಮನೆಯ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ನಾವು ಹತ್ತು ಹನ್ನೆರಡು ಜನ ಸೇರಿ ಮುಖಚಿತ್ರ ಬರೆಯುತ್ತೇವೆ. ನಡುವೆ ಒಂದು ಸ್ಟೂಲು, ಅದರ ಮೇಲೆ ಅಲ್ಲಾಡದೆ ಕೂರುವ ಒಬ್ಬರು. ಅರ್ಧ ಗಂಟೆ ಬರೆಯುವುದು, ಸ್ವಲ್ಪ ಬಿಡುವು, ಮತ್ತೆ ಅರ್ಧ ಗಂಟೆ. ಬಾಗಿಲ ಬಳಿ ಬೆತ್ತದ ಬುಟ್ಟಿಯಿದೆ. ಚಪ್ಪಲಿ ಹೊರಗೆ ಬಿಟ್ಟ ಹಾಗೆ ಫೋನನ್ನು ಬುಟ್ಟಿಯಲ್ಲಿ ಬಿಟ್ಟು ಒಳಗೆ ಬರಬೇಕು.

ಆ ಬುಟ್ಟಿ ಬಂದದ್ದೇ ಒಬ್ಬ ಹೆಂಗಸಿಗಾಗಿ. ಅರವತ್ತರ ಆಸುಪಾಸು. ಹಣೆ ತುಂಬ ವಿಭೂತಿ, ಎರಡೂ ಕಡೆ ಮೂಗುಬೊಟ್ಟು, ಎಡ ಹುಬ್ಬನ್ನು ಸೀಳಿದ ಹಳೇ ಗಾಯ. ಮಾಮೂಲ್‌ಪೇಟೆಯಲ್ಲಿ ಗಂಡನ ಅಂಗಡಿ, ಅದರ ಮೇಲೇ ಮನೆ, ಮನೆ ತುಂಬ ಜನ. ವಚನ ಹಾಡುವ ಕ್ಲಾಸಿಗೆ ಎಂದು ಮನೆಯಲ್ಲಿ ಹೇಳಿ ಬಸ್ಸು ಹತ್ತಿ ನಮ್ಮಲ್ಲಿಗೆ ಬರುತ್ತಾರೆ. ಯಾಕೆ ಬರುತ್ತೀರಿ ಎಂದು ಒಮ್ಮೆ ಕೇಳಿದ್ದೆ.

“ನಾನು ಕೂತ್ರೆ ಯಾರೂ ಏಳು ಅನ್ನದೇ ಇರೋ ಜಾಗ ಇದೊಂದೇ ಕಣಮ್ಮ. ಇಲ್ಲಿ ನೀವೆಲ್ಲ ಅಲ್ಲಾಡಬೇಡಿ ಅಂತೀರ. ಮನೇಲಿ ಗೊತ್ತಾದ್ರೆ ಮುಗೀತು, ಗಂಡಸ್ರ ಮುಂದೆ ಹೋಗಿ ಕೂತ್ಕೋತಾಳೆ ಅಂತ ನಿಲ್ಲಿಸ್ಬಿಡ್ತಾರೆ.”

ಮಾರನೇ ವಾರವೇ ನಾನು ಬುಟ್ಟಿ ತಂದಿಟ್ಟೆ. ನನ್ನ ಫೋನು ಮಾತ್ರ ನನ್ನ ಬ್ಯಾಗಿನಲ್ಲೇ ಇರುತ್ತಿತ್ತು. ಬುಟ್ಟಿ ತಂದವಳ ಮೇಲೇ ಅನುಮಾನ ಪಡುವವರು ಯಾರು?

ಆ ಭಾನುವಾರ ಒಬ್ಬ ಹೊಸಬ ಬಂದ. ಮೂವತ್ತೈದು ಇರಬಹುದು. ಊರು ಕೇರಿ ವಿಚಾರಿಸಿದೆ. ತರಗುಪೇಟೆಯಂತೆ, ಮನೆಯವರದು ಬೇಳೆ ಮಂಡಿಯಂತೆ. ತರಗುಪೇಟೆಯವರಿಗೂ ಮಾಮೂಲ್‌ಪೇಟೆಯವರಿಗೂ ದಿನಾ ವ್ಯವಹಾರ. ಆಕೆಯ ಮಗನೋ ಮೈದುನನೋ ‘ಅಮ್ಮ ಎಲ್ಲಿಗೆ ಹೋಗ್ತಾರೆ ನೋಡ್ಕೊಂಡ್ ಬಾ’ ಎಂದು ಕಳಿಸಿದ್ದರೆ?

ಅವನು ಆಕೆಯ ನೇರ ಎದುರಿಗೇ ಕೂತ. ಫೋನು ಬುಟ್ಟಿಗೆ ಹೋಗಲಿಲ್ಲ, ತೊಡೆಯ ಮೇಲಿತ್ತು. ಸಿಕ್ಕಿಬೀಳಲಿ ಎಂದು ನಾನೂ ಬುಟ್ಟಿಯ ನೆನಪು ಮಾಡಲಿಲ್ಲ. ಕಾಗದಕ್ಕಿಂತ ಹೆಚ್ಚು ಹೊತ್ತು ಮುಖವನ್ನೇ ನೋಡುತ್ತಿದ್ದ. ಚಿತ್ರ ಬರೆಯುವವರೆಲ್ಲ ಹಾಗೆಯೇ ನೋಡುತ್ತಾರೆ ಎಂಬುದು ಆಗ ನನಗೆ ನೆನಪಾಗಲಿಲ್ಲ. ಅರ್ಧ ಗಂಟೆಯಾದರೂ ಅವನ ಕಾಗದದಲ್ಲಿ ಇದ್ದದ್ದು ಒಂದು ಹಣೆ, ಒಂದು ಕಿವಿ. ಬರೆಯಲು ಬಂದವನು ಹೀಗೆ ಬರೆಯುತ್ತಾನಾ? ಅವನ ಫೋನಿನ ಪರದೆ ಕಾಣಲಿ ಎಂದು ನಾನು ಕುರ್ಚಿಯನ್ನೇ ಸರಿಸಿಕೊಂಡೆ.

ಅಷ್ಟು ಕಾವಲಿನ ನಡುವೆಯೂ ಅಂದು ನನ್ನ ಕೈ ಚೆನ್ನಾಗಿ ಓಡಿತ್ತು. ವಿಭೂತಿಯ ಮೂರು ಗೆರೆಗೆ ಬಿಳಿ ಕಾಗದವನ್ನೇ ಹಾಗೇ ಬಿಟ್ಟಿದ್ದೆ. ಹುಬ್ಬಿನ ಗಾಯ ಒಂದೇ ಗೀಟಿಗೆ ಬಂದಿತ್ತು. ಬಿಡುವಿನಲ್ಲಿ ಅದನ್ನು ಫೋನಿನಲ್ಲಿ ಹಿಡಿದು ‘ಭಾನುವಾರದ ಮುಖ’ ಎಂದು ನನ್ನ ಪೇಜಿಗೆ ಹಾಕಿದೆ. ಅದು ಚಿತ್ರ ತಾನೇ, ಫೋಟೋ ಅಲ್ಲವಲ್ಲ.

ಮತ್ತೆ ಎಲ್ಲರೂ ಬರೆಯಲು ಕೂತೆವು. ಅವನು ಫೋನನ್ನು ಕೈಚಾಚಿ ಆಕೆಯ ಮುಖಕ್ಕೆ ಹಿಡಿದ. ನಾನು ಎದ್ದೇಬಿಟ್ಟೆ.

“ಫೋನ್ ಕೊಡಿ ಇಲ್ಲಿ. ಯಾರು ಕಳ್ಸಿದ್ದು ನಿಮ್ಮನ್ನ?”

“ಯಾರೂ ಇಲ್ಲ ಮೇಡಂ. ನನ್ ಇದ್ದಿಲು ಕಡ್ಡಿ ಮುರಿದು ಇಷ್ಟೇ ಇಷ್ಟು ಉಳಿದಿದೆ, ಅಳತೆಗೆ ಸಾಲಲ್ಲ. ಅದಕ್ಕೆ ಫೋನ್ ಹಿಡ್ಕೊಂಡೆ.”

ನಾವೆಲ್ಲ ಪೆನ್ಸಿಲನ್ನು ಕೈಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ಹಣೆ ಎಷ್ಟು ಮೂಗು ಎಷ್ಟು ಎಂದು ಅಳೆಯುತ್ತೇವಲ್ಲ, ಅದನ್ನೇ ಅವನು ಫೋನಿನಿಂದ ಮಾಡುತ್ತಿದ್ದ. ನಾನು ನಂಬಲಿಲ್ಲ. ಫೋಟೋಗಳನ್ನು ತೆರೆಸಿದೆ. ತೊಗರಿಬೇಳೆ ಮೂಟೆ, ಕಡಲೆಬೇಳೆ ಮೂಟೆ, ಅವನ ತಾಯಿಯ ಔಷಧಿ ಚೀಟಿ. ಆಕೆಯದು ಒಂದೂ ಇಲ್ಲ.

“ಇವ್ರದು ಒಂದ್ ಚಿತ್ರ ಇದೆ ಮೇಡಂ,” ಅವನು ಮೆಲ್ಲಗೆ ಅಂದ. “ಆದ್ರೆ ನೀವೇ ಹಾಕಿರೋದು.”

ಅವನು ನನ್ನ ಪೇಜು ಓದುವವನು. ಆ ಪೇಜು ನೋಡಿಯೇ ಇಲ್ಲಿಗೆ ಬಂದವನು. ಈಗ ಅದನ್ನೇ ತೆರೆದು ತೋರಿಸಿದ. ನನ್ನ ಚಿತ್ರದ ಕೆಳಗೆ ಆಗಲೇ ಯಾರೋ ಬರೆದಿದ್ದರು: ‘ಇವ್ರು ಮಾಮೂಲ್‌ಪೇಟೆಯವ್ರಲ್ವಾ? ಹುಬ್ಬು ನೋಡಿ.’

ಆಕೆ ಸ್ಟೂಲಿನಿಂದ ಇಳಿದು ಬಂದರು. ಅವನ ಕೈಯಿಂದ ಫೋನು ತೆಗೆದುಕೊಂಡು ಬಹಳ ಹೊತ್ತು ನೋಡಿದರು.

“ಚೆನ್ನಾಗಿ ಬರ್ದಿದೀರ,” ಅಂದರು. “ಅದೇ ತೊಂದ್ರೆ ಆಗಿದ್ದು.”

ಅಲ್ಲಿಯವರೆಗೆ ‘ಕಣಮ್ಮ’ ಅನ್ನುತ್ತಿದ್ದವರು. ಆ ಬಹುವಚನ ಕಪಾಳಕ್ಕೆ ಬಿಗಿದ ಹಾಗಿತ್ತು. ಅಲ್ಲೇ ಪೇಜಿನಿಂದ ಅಳಿಸಿಹಾಕಿದೆ. ಎಲ್ಲಾ ಕಡೆಯಿಂದಲೂ ಹೋಯಿತೇ ಎಂದು ಕೇಳಿದರು. ಹೋಯಿತು ಅಂದೆ. ಯಾರು ಉಳಿಸಿಕೊಂಡಿದ್ದಾರೋ, ಯಾರಿಗೆ ಕಳಿಸಿದ್ದಾರೋ, ನನಗೇನು ಗೊತ್ತು? ಆ ಮಾತು ಬರೆದವರು ಯಾರೆಂದು ವಾರವಿಡೀ ತಡಕಾಡಿದೆ. ಹೆಸರಿನ ಪಕ್ಕ ದಾಸವಾಳ ಹೂವಿನ ಚಿತ್ರ, ಅಷ್ಟೇ. ಗಂಡಸೋ ಹೆಂಗಸೋ ಅದೂ ತಿಳಿಯಲಿಲ್ಲ.

ಮುಂದಿನ ಭಾನುವಾರ ಸ್ಟೂಲು ಖಾಲಿಯೇ ಎಂದುಕೊಂಡಿದ್ದೆ. ಆಕೆ ಬಂದರು. ಮನೆಯಲ್ಲಿ ಇಲ್ಲಿಯವರೆಗೆ ಯಾರೂ ಏನೂ ಕೇಳಿಲ್ಲವಂತೆ. ಬುಟ್ಟಿಗೆ ಬಗ್ಗಿ ನನ್ನ ಫೋನು ಇದೆಯೇ ಎಂದು ನೋಡಿದರು. ಇತ್ತು. ಆದರೂ ಒಮ್ಮೆ ನನ್ನ ಬ್ಯಾಗಿನ ಕಡೆ ಕಣ್ಣು ಹಾಯಿಸಿದರು. ಆಮೇಲೆ ಸ್ಟೂಲನ್ನು ಎಳೆದು ಗೋಡೆಗೆ ಮುಖ ಮಾಡಿ ಕೂತರು.

“ಇನ್ಮೇಲೆ ಬೆನ್ನು ಬರ್ಕೊಳ್ಳಿ.”

ಬರೆದೆವು. ತುರುಬು, ಒಂದು ತುಂಡು ಕನಕಾಂಬರ, ಕುತ್ತಿಗೆಯ ಮಡಿಕೆ. ತರಗುಪೇಟೆಯವನದೇ ಎಲ್ಲರಿಗಿಂತ ಚೆನ್ನಾಗಿ ಬಂತು. ಇಡೀ ಗಂಟೆ ಆಕೆ ಅಲ್ಲಾಡಲಿಲ್ಲ. ಯಾರೂ ಏಳಿ ಅನ್ನಲಿಲ್ಲ.

ನಡೆದದ್ದನ್ನೆಲ್ಲ ಹೀಗೆ ಬರೆದು ಪೇಜಿಗೆ ಹಾಕಲೇ ಎಂದು ಆಕೆಯನ್ನೇ ಕೇಳಿದೆ. ಬೀದಿ, ಮುಖದ ಗುರುತು ಎರಡನ್ನೂ ಬದಲಿಸಿದರೆ ಬರೆಯಬಹುದು ಅಂದರು. ಹಾಗಾಗಿ ಮಾಮೂಲ್‌ಪೇಟೆಗೆ ಹೋಗಿ ಹುಬ್ಬು ಹುಡುಕಬೇಡಿ, ಸಿಗುವುದಿಲ್ಲ. ದಾಸವಾಳದವರೇ, ನಿಮಗೂ ಸೇರಿಸಿ ಹೇಳುತ್ತಿದ್ದೇನೆ.

ನೀವು ಯಾರನ್ನೋ ಕಳ್ಳನೆಂದು ಹಿಡಿದು, ಕೊನೆಗೆ ನಿಮ್ಮ ಕೈಯೇ ಸಿಕ್ಕಿಬಿದ್ದದ್ದುಂಟಾ? ಕೆಳಗೆ ಬರೆಯಿರಿ, ಒಂದೊಂದನ್ನೂ ಓದುತ್ತೇನೆ. ಆ ಇನ್ನೊಬ್ಬರ ಹೆಸರು, ಬೀದಿ, ಮುಖದ ಗುರುತು ಮಾತ್ರ ಬೇಡ.