ಆಡುಸೋಗೆಯ ಮರೆ

ನಮ್ಮ ಅತ್ತೆಯವರ ಮೊಣಕೈಗಳೆರಡೂ ಕಪ್ಪಗೆ ಜಡ್ಡುಗಟ್ಟಿದ್ದವು. ದಿನಾ ಮಧ್ಯಾಹ್ನ ಉಂಡ ಮೇಲೆ ಹಿತ್ತಲಿನ ಗಿಡ್ಡ ಗೋಡೆಯ ಮೇಲೆ ಅವನ್ನೂರಿ, ಆಚೆ ಮನೆಯ ಮರಾಠಿ ಗೆಳತಿಯ ಜೊತೆ ಮಾತಿಗೆ ನಿಂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಇಚಲಕರಂಜಿಯ ನಮ್ಮ ಮನೆಯ ಮುಂಭಾಗದಲ್ಲಿ ಮಾವನವರ ಕಿರಾಣಿ ಅಂಗಡಿ. ಅಲ್ಲಿ ಕೂತ ಗಂಡಸರನ್ನು ದಾಟಿ ಹೆಂಗಸರು ಹೋಗಿಬರುವ ರೂಢಿ ಇರಲಿಲ್ಲ. ಆ ಗೆಳತಿಯೂ ಹಾಗೆ ಬರುವವರಲ್ಲ. ಗೋಡೆಯೊಂದೇ ಇಬ್ಬರಿಗೂ ದಾರಿ.

ನಾನು ದಾನೋಳಿಯಿಂದ ಸೊಸೆಯಾಗಿ ಬಂದ ವರ್ಷವೇ ಗೆಳತಿಯ ಮಕ್ಕಳು ತಮ್ಮ ಹಿತ್ತಲಲ್ಲಿ ಮಗ್ಗದ ಶೆಡ್ಡು ಹಾಕಿದರು. ಕೂಲಿ ಗಂಡಸರು ಬೀಡಿ ಸೇದಲು ಹೊರಗೆ ಬಂದು ನಿಲ್ಲುವರು. ಗೋಡೆಯ ಈಚೆಗೇ ನಮ್ಮ ಬಯಲು ಬಚ್ಚಲು. ನಾಚಿಕೆಗೆ ನಾನು ಸೀರೆ ಉಟ್ಟುಕೊಂಡೇ ನೀರು ಸುರಿದುಕೊಳ್ಳುತ್ತಿದ್ದೆ. ಒದ್ದೆ ಸೀರೆಯಲ್ಲಿ ನಡುಗುತ್ತ ಒಳಗೆ ಬಂದವಳನ್ನು ಒಂದು ದಿನ ಅತ್ತೆ ನೋಡಿದರು. ಗೋಡೆ ಎತ್ತರಿಸೋಣವೆಂದರೆ ಹಳೆಯ ಮಣ್ಣು ಭಾರ ತಾಳದು. ಗಿಡ ಹಚ್ಚುವುದೆಂದು ಠರಾಯಿಸಿದರು.

ಆಗ ನೋಡಬೇಕಿತ್ತು ಅವರ ತಕರಾರು! ಮಾವನವರು ಕಳ್ಳಿ ಅಂದರು. "ಬರೀ ಮೈಲೆ ನಿಲ್ಲೂ ಜಾಗಾದಾಗ ಮುಳ್ಳೇನ್ರಿ? ನಿಮ್ದೊಂದು!" ದಾಸವಾಳವೂ ಬೇಡ: "ಪೂಜಿಗೆ ಹೂವ ಕೊಡ್ರಿ ಅಂತ ದಿನಾ ಮಂದಿ ಬಂದ ಟೊಂಗಿ ಬಗ್ಗಸ್ತಾರ." ಮದರಂಗಿಯನ್ನು ಹಬ್ಬ ಬಂತೆಂದರೆ ಓಣಿಯ ಹುಡುಗಿಯರು ಬೋಳಿಸಿಬಿಡುತ್ತಾರೆ. ಕೊನೆಗೆ ಆಡುಸೋಗೆಗೆ ಬಂದು ನಿಂತರು. "ಆಡ ಮುಟ್ಟೂದಿಲ್ಲ, ದೇವರಿಗೆ ಏರೂದಿಲ್ಲ, ಕೆಮ್ಮ ಬಂದಾವ್ರ ಬಿಟ್ರ ಯಾರೂ ಕೇಳೂದಿಲ್ಲ. ಮಂದಿಗೆ ಬ್ಯಾಡಾದ ಗಿಡಾನ ನಮಗ ಬೇಕ ನೋಡವಾ." ನೆಡುವ ಕಡ್ಡಿಗಳನ್ನು ಆ ಗೆಳತಿಯೇ ತಂದು ಗೋಡೆಯ ಮೇಲಿಂದ ಕೊಟ್ಟರು.

ಎರಡು ಮಳೆಗಾಲದಲ್ಲಿ ಗಿಡ ತಲೆ ಮೀರಿ ದಟ್ಟವಾಯಿತು. ನಾನು ನಿರಾಳವಾಗಿ ಮೀಯತೊಡಗಿದೆ. ಅವರಿಬ್ಬರ ಮಾತು ಎಲೆಗಳ ನಡುವೆಯೇ ನಡೆಯಿತು, ಮುಖ ಮಾತ್ರ ಕಾಣದು.

"ಅಷ್ಟ ಕಡದ ಕಿಂಡಿ ಮಾಡೂಣ್ರಿ, ಅತ್ತಿ," ಅಂದೆ.

"ಹುಚ್ಚಿ! ಆಕಿ ಮುಖ ಕಾಣೂವಷ್ಟ ಕಿಂಡಿ ಬಿಟ್ರ ನಿನ್ನ ಮೈ ಕಾಣೂದಿಲ್ಲೇನ? ದನಿ ಕೇಳತೈತಿ, ಸಾಕ." ಹಾಗೆಂದು ಅಕ್ಕಿ ಆರಿಸಲು ಕೂತರು.

ನಾನು ಬಾಣಂತಿಯಾಗಿ ಅತ್ತೆಯ ಕೈಯಲ್ಲಿ ಎರೆಸಿಕೊಳ್ಳುತ್ತಿದ್ದಾಗ ಒಮ್ಮೆ ಗೆಳತಿ ಆಚೆಯಿಂದ ಕೂಗಿದರು. ಉದಗಾಂವಿನ ಸಣ್ಣ ಮಗನ ಮನೆಗೆ ಇರಲು ಹೊರಟಿದ್ದರಂತೆ, ಗಾಡಿ ಕಟ್ಟಿ ನಿಂತಿತ್ತಂತೆ. "ಯೇತೇ ಗ, ಅಕ್ಕಾ!" ಹೋಗಿಬರುತ್ತೇನೆ, ಅಂತ. ಅತ್ತೆ ಸೀಗೆಕಾಯಿಯ ಕೈಯನ್ನೇ ಗಿಡದೊಳಗೆ ತೂರಿಸಿದರು. ಆಚೆಯ ಕೈ ಅದನ್ನು ಹಿಡಿಯಿತು. ಒಂದು ಟೊಂಗೆಯನ್ನೂ ಸರಿಸದೆ ಹಾಗೇ ನಿಂತರು. ನಾನು ಬತ್ತಲೆ ಕೂತಿದ್ದೆನಲ್ಲ! ಗಾಡಿ ಹೋದ ಮೇಲೆ ಬಂದು ನನ್ನ ತಲೆಗೆ ನೀರು ಹಾಕಿದರು. ನೀರು ಆರಿತ್ತು. ಬಾಣಂತಿಗೆ ತಣ್ಣೀರು ಸೋಕಿದರೆ ಮನೆ ಹಾರುವಂತೆ ಕೂಗಾಡುತ್ತಿದ್ದವರಿಗೆ ಅದು ಗೊತ್ತೇ ಆಗಲಿಲ್ಲ.

ಎಷ್ಟು ನೆನಪಾಗುತ್ತಾರೆ! ಹೆತ್ತವ್ವನೂ ನನ್ನ ಮಾನವನ್ನು ಅಷ್ಟು ಕಾದಿರಲಿಕ್ಕಿಲ್ಲ.

ಕೆಲವು ವರ್ಷಗಳ ಮೇಲೆ ಅತ್ತೆ ತೀರಿಕೊಂಡರು. ನಮ್ಮ ಪದ್ಧತಿಯಂತೆ ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸಿದ್ದೆವು. ಸುದ್ದಿ ತಿಳಿದು ಉದಗಾಂವಿನಿಂದ ಗೆಳತಿ ಬಂದರು. ಅಂಗಡಿಯ ಗಂಡಸರನ್ನು ದಾಟಿಕೊಂಡೇ ಒಳಬಂದು ಅತ್ತೆಯ ಎದುರು ಕೂತು ನೋಡಿದರು, ನೋಡೇ ನೋಡಿದರು. ಆಮೇಲೆ ತಲೆ ಸವರಿ ತಮ್ಮ ಮಾತಿನಲ್ಲೇ ಕೇಳಿದರು, "ಕೇಸ ಕಧೀ ಪಿಕಲೇ ಗ ತುಝೇ?"

ಕೂದಲು ಯಾವಾಗ ಹಣ್ಣಾದವು ನಿನ್ನವು, ಅಂತ. ದಿನಾ ಎಣ್ಣೆ ಹಚ್ಚಿ ಹೆರಳು ಹಾಕುತ್ತಿದ್ದವಳು ನಾನು, ನನಗೆ ಗೊತ್ತಿತ್ತು.